ಕಾಗದ ಬದಲಿಸುವ ಹೊತ್ತು

ಭೂಕಂಪ ಮಾಪನ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ದುಡಿದೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಭೂಕಂಪ ನೋಡಿದ್ದೀರಿ?' ಕಾಗದದ ಮೇಲಾದರೆ ಸಾವಿರಾರು. ಕಾಲ ಕೆಳಗೆ ಒಂದೂ ಇಲ್ಲ. ನಿವೃತ್ತನಾಗುವವರೆಗೆ ನನ್ನ ಕುರ್ಚಿ ಅಲ್ಲಾಡಿಸಿದವರು ಮೇಲಧಿಕಾರಿಗಳೇ ಹೊರತು ಭೂಮಿಯಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವವರು ಆಗಾಗ ಫೋನು ಮಾಡಿ ಸಲಹೆ ಕೇಳುತ್ತಾರೆ. ಬಡ್ತಿ, ವರ್ಗಾವಣೆ, ಸೀನಿಯಾರಿಟಿ ಪಟ್ಟಿ ಇವನ್ನೆಲ್ಲ ಹೇಳಿಕೊಡಲು ನೌಕರರ ಸಂಘವಿದೆ. ನನಗೆ ಅದರಲ್ಲಿ ಆಸಕ್ತಿಯೂ ಇಲ್ಲ, ಹೇಳುವಷ್ಟು ಬಡ್ತಿಯೂ ಸಿಕ್ಕಿಲ್ಲ. ಹೇಳಬೇಕಾದದ್ದು ಒಬ್ಬ ಗಾರೆ ಕೆಲಸದವನ ವಿಷಯ, ಮತ್ತು ದಿನಕ್ಕೆ ಹದಿನೈದು ನಿಮಿಷ ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದ ವಿಷಯ.

ನಮ್ಮ ಕೇಂದ್ರ ಇದ್ದದ್ದು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಮುಕ್ಕಾಲು ಗಂಟೆ ನಡೆದರೆ ಸಿಗುವ ಒಂದು ಹಾಸುಬಂಡೆಯ ಮೇಲೆ. ಎರಡು ಕೋಣೆ, ಒಂದು ನೀರಿನ ತೊಟ್ಟಿ. ಒಳಕೋಣೆಯಲ್ಲಿ ಬಂಡೆಗೇ ಕಚ್ಚಿಸಿ ಕಟ್ಟಿದ ಸಿಮೆಂಟಿನ ಕಟ್ಟೆ. ನಮ್ಮ ಭಾಷೆಯಲ್ಲಿ ಅದು ಪೀಠ. ಅದರ ಮೇಲೆ ಉಪಕರಣ. ಹೊರಕೋಣೆಯಲ್ಲಿ ಕಾಗದ ಸುತ್ತಿಕೊಂಡು ನಿಧಾನಕ್ಕೆ ತಿರುಗುವ ಎರಡು ಡ್ರಮ್ಮು, ಒಂದು ಮೇಲೆ ಕೆಳಗೆ ಆಡುವ ಚಲನೆಗೆ, ಇನ್ನೊಂದು ಅಡ್ಡಡ್ಡ ಆಡುವ ಚಲನೆಗೆ. ನಾನು ನರಸೀಪುರದಲ್ಲಿ ಮನೆ ಮಾಡಿಕೊಂಡು ದಿನಾ ಮೊದಲ ಬಸ್ಸಿಗೆ ಬರುತ್ತಿದ್ದೆ.

ಆಗ ನಮ್ಮದು ಮಸಿ ಕಾಗದದ ಕಾಲ. ಹೊಳಪಿನ ಬಿಳಿ ಕಾಗದವನ್ನು ಡ್ರಮ್ಮಿಗೆ ಸುತ್ತಿ, ಸೀಮೆಎಣ್ಣೆ ದೀಪದ ಹೊಗೆ ಹಿಡಿಸಿ ಕಪ್ಪು ಮಾಡಬೇಕು. ಸೂಜಿ ಆ ಮಸಿಯ ಮೇಲೆ ಬಿಳಿ ಗೆರೆ ಕೊರೆಯುತ್ತಾ ಹೋಗುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಬಿಚ್ಚಿ, ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಮಸಿ ಕಾಗದಕ್ಕೆ ಅಂಟುತ್ತದೆ. ಕೈ, ಮೂಗು, ಅಂಗಿಯ ಕಾಲರು ಎಲ್ಲ ಕಪ್ಪು. ಸುತ್ತಲ ಊರಿನವರು ನಮ್ಮದಕ್ಕೆ ಮಸಿ ಆಫೀಸು ಅಂತಲೇ ಹೆಸರಿಟ್ಟಿದ್ದರು. ತಗಡೂರಿನ ಕಡೆಯವರೊಬ್ಬರು ಒಮ್ಮೆ ಮಗಳ ಮದುವೆಯ ದಿನಾಂಕ ಹಿಡಿದು ಬಂದು, 'ಆವತ್ತು ಭೂಕಂಪ ಆಯ್ತದಾ ನೋಡಿ ಯೋಳ್ಬುಡಿ ಸಾ, ಚಪ್ಪರ ಆಕ್ಬೇಕು' ಅಂದಿದ್ದರು. ಆಗಿದ್ದನ್ನು ಹೇಳುತ್ತೇವೆ, ಆಗುವುದನ್ನಲ್ಲ ಅಂದೆ. 'ಆಗೋಗಿದ್ದು ನಮ್ಗೂ ಗೊತ್ತಾಯ್ತದಲ್ಲ, ಅದುಕ್ಕೊಂದು ಆಫೀಸ್ ಯಾಕೆ?' ಎಂದು ಹೊರಟುಹೋದರು. ಅವರ ಮಾತು ಆಮೇಲೆ ಬಹಳ ಸಲ ನೆನಪಾಗಿದೆ.

ಕಾಗದ ಬದಲಿಸುವುದು ಬೆಳಗ್ಗೆ ಎಂಟೂವರೆಗೆ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿ ಸೂಜಿ ಕೂರಿಸುವಷ್ಟರಲ್ಲಿ ಹದಿನೈದು ನಿಮಿಷ. ಆ ಹದಿನೈದು ನಿಮಿಷ ಪ್ರಪಂಚ ಮುಳುಗಿದರೂ ನಮ್ಮ ದಾಖಲೆಯಲ್ಲಿ ಬರುವುದಿಲ್ಲ. ಲಾಗ್ ಪುಸ್ತಕದಲ್ಲಿ 'ಕಾಗದ ತೆಗೆದದ್ದು', 'ಕಾಗದ ಹಾಕಿದ್ದು' ಎಂದು ಎರಡು ಹೊತ್ತು ಬರೆದು ಸಹಿ ಹಾಕಿದರೆ ಮುಗಿಯಿತು.

ನನಗೆ ದೊಡ್ಡ ತಲೆನೋವು ಹತ್ತಿರದ ಕಲ್ಲಿನ ಕ್ವಾರಿ. ದಿನಾ ಸಿಡಿಮದ್ದು. ಪ್ರತಿ ಸಿಡಿತವೂ ಕಾಗದದ ಮೇಲೆ ಪುಟ್ಟ ಭೂಕಂಪದ ಹಾಗೆ ಕೂರುತ್ತಿತ್ತು. ಅದನ್ನು ಗುರುತಿಸಿ ಪಟ್ಟಿಯಿಂದ ತೆಗೆಯದಿದ್ದರೆ ವಿಭಾಗೀಯ ಕಚೇರಿಯಿಂದ ಬೈಗುಳದ ಪತ್ರ. ಹಾಗೆ ಬೈಸಿಕೊಂಡು ಸಾಕಾಗಿ, ಒಂದು ದಿನ ಕ್ವಾರಿಯ ರೈಟರ್ ಬಸವಣ್ಣನ ಹತ್ತಿರ ಹೋಗಿ ಕೇಳಿದೆ. ಮದ್ದಿನ ಲೆಕ್ಕ, ಕೂಲಿಯ ಹಾಜರಿ ನೋಡಿಕೊಳ್ಳುತ್ತಿದ್ದ ಮನುಷ್ಯ, ಒಳ್ಳೆಯ ಮಾತುಗಾರ.

'ಬಸವಣ್ಣೋರೇ, ಹೇಗಿದ್ದರೂ ದಿನಕ್ಕೊಂದು ಸಲ ಹೊಡೀತೀರಿ. ಎಂಟೂವರೆಯಿಂದ ಎಂಟೂ ಮುಕ್ಕಾಲರೊಳಗೆ ಹೊಡೆದುಬಿಡಿ. ಆಗ ನನ್ನ ಡ್ರಮ್ಮಿನ ಮೇಲೆ ಕಾಗದ ಇರೋದಿಲ್ಲ.'

'ಅಷ್ಟೇನಾ ಸಾ? ಆಯ್ತು ಬುಡಿ, ನಿಮ್ ಗಡಿಯಾರಕ್ಕೇ ಒಡಿತೀವಿ' ಅಂದ.

ಅಂದಿನಿಂದ ನನ್ನ ಕಾಗದ ತೊಳೆದಿಟ್ಟ ಹಾಗೆ ಶುಭ್ರ. ವರ್ಷದ ಕೊನೆಗೆ, ಅತ್ಯಂತ ಸ್ವಚ್ಛ ದಾಖಲೆ ಕೊಡುವ ಕೇಂದ್ರ ಎಂದು ಮೆಚ್ಚುಗೆಯ ಪತ್ರವೂ ಬಂತು. ಅದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದೆ. ನನ್ನಷ್ಟು ಬುದ್ಧಿವಂತ ಇಲಾಖೆಯಲ್ಲೇ ಇಲ್ಲ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ಶನಿವಾರ. ಮರಾಠವಾಡದ ಆ ದೊಡ್ಡ ಭೂಕಂಪದ ಭಯ ಜನರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಎಂಟೂವರೆಗೆ ಕಾಗದ ಬಿಚ್ಚಿದೆ. ಸ್ವಲ್ಪ ಹೊತ್ತಿಗೆ ಕ್ವಾರಿಯ ಸಿಡಿತ ಕಾಲಿಗೆ ತಾಗಿತು. ಎಂದಿನದಕ್ಕಿಂತ ಜೋರಾಗಿಯೇ ಇತ್ತು, ತೊಟ್ಟಿಯ ನೀರು ಕುಲುಕಿತು. ಅಬ್ಬಾ, ಕಾಗದ ಇರಲಿಲ್ಲವಲ್ಲ ಅಂದುಕೊಂಡು ಹೊಸದನ್ನು ಹಾಕಿದೆ. ಹಾಕಿ ಏಳೆಂಟು ನಿಮಿಷವಾಗಿರಬೇಕು, ಸೂಜಿ ಚಕ್ಕನೆ ಎಗರಿತು. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ.

ಇಲ್ಲಿ ಸ್ವಲ್ಪ ಪಾಠ. ಭೂಕಂಪದಿಂದ ಮೊದಲು ಒಂದು ವೇಗದ ಅಲೆ ಬರುತ್ತದೆ, ಹಿಂದೆಯೇ ನಿಧಾನದ್ದು. ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಸುಮಾರಾಗಿ ದೂರ ಸಿಗುತ್ತದೆ. ನಾನು ನೂರಿಪ್ಪತ್ತನ್ನು ಎಂಟರಿಂದ ಗುಣಿಸಿದೆ. ಸಾವಿರ ಕಿಲೋಮೀಟರಿನ ಹತ್ತಿರ! ಅಂದರೆ ದೇಶದೊಳಗೇ! ಅಡ್ಡ ಚಲನೆಯ ಡ್ರಮ್ಮನ್ನೂ ನೋಡಬೇಕಿತ್ತು. ಆದರೆ ಆವತ್ತು ಅದರ ಕಾಗದಕ್ಕೆ ಅವಸರದಲ್ಲಿ ಹೊಗೆ ಹಿಡಿಸಿ ಮಸಿ ದಪ್ಪವಾಗಿ, ಸೂಜಿ ಕೊರೆದೇ ಇರಲಿಲ್ಲ. ಇದ್ದ ಒಂದೇ ಕಾಗದ ನಂಬಿ ನಂಜನಗೂಡಿಗೆ ಹೋಗಿ ತಂತಿ ಕೊಟ್ಟೆ. ಅಂಚೆ ಕಚೇರಿಯಲ್ಲಿ ಪತ್ರಿಕೆಯ ವರದಿಗಾರರೊಬ್ಬರು ಸಿಕ್ಕರು, ಅವರಿಗೂ ಹೇಳಿದೆ. ಮರುದಿನದ ಪತ್ರಿಕೆಯಲ್ಲಿ ನನ್ನ ಸಾವಿರ ಕಿಲೋಮೀಟರು ಎಲ್ಲೋ ಬಿದ್ದುಹೋಗಿ, 'ನಂಜನಗೂಡು ಬಳಿ ಭೂಕಂಪ ದಾಖಲು' ಎಂದಷ್ಟೇ ಉಳಿದಿತ್ತು.

ಅದೇ ಶನಿವಾರ, ಕ್ವಾರಿಯ ಆಚೆಗಿದ್ದ ಒಂದು ಊರಿನ ಶಾಲೆಯ ಕಾಂಪೌಂಡು ಗೋಡೆ ಬಿದ್ದಿತ್ತು. ಶನಿವಾರ ಬೆಳಗಿನ ಶಾಲೆ ಅಲ್ಲವೇ, ಮಕ್ಕಳು ಅಂಗಳದಲ್ಲಿ ಡ್ರಿಲ್ಲಿಗೆ ನಿಂತಿದ್ದರು. ಮೂರನೇ ತರಗತಿಯ ಮಂಗಳಾ ಎಂಬ ಹುಡುಗಿಯ ಪಾದ ಕಲ್ಲಿನಡಿ ಸಿಕ್ಕಿ ನಜ್ಜುಗುಜ್ಜಾಯಿತು. ಗೋಡೆ ಕಟ್ಟಿ ಎರಡು ವರ್ಷವೂ ಆಗಿರಲಿಲ್ಲ.

ಕಟ್ಟಿದವನು ಹೆಮ್ಮರಗಾಲದ ಮಾದಯ್ಯ. ಸೋಮವಾರ ಬೆಳಗ್ಗೆ ಕೇಂದ್ರದ ಬಾಗಿಲಲ್ಲಿ ನಿಂತಿದ್ದ. ಐವತ್ತರ ಆಸುಪಾಸು, ಸುಣ್ಣಕ್ಕೆ ಬೆಂದ ಬೆರಳುಗಳು, ಕೈಯಲ್ಲಿ ಮಡಿಸಿದ ಪತ್ರಿಕೆ. ಓದಲು ಬರದವನು ಅದನ್ನು ಆಧಾರಪತ್ರದ ಹಾಗೆ ಹಿಡಿದುಕೊಂಡಿದ್ದ.

'ಭೂಮ್ತಾಯಿ ಅಲ್ಲಾಡುದ್ಲು ಅಂತ ಇದ್ರಲ್ಲಿ ಬರ್ದವ್ರಂತೆ. ನಿಜ್ವಾ ಸಾ? ನಂಗೆ ಇದೊಂದ್ ಯೋಳ್ಬುಡಿ. ಭೂಮಿ ಕೆಡವಿದ್ದಾ, ನನ್ ಕೈ ಕೆಡವಿದ್ದಾ? ಆ ಮಗು ಕಾಲ್ ನೋಡ್ದಾಗ್ಲಿಂದ ಅನ್ನ ಗಂಟ್ಲಲ್ಲಿ ಇಳೀತಿಲ್ಲ.'

'ಭೂಮಿಯೇ ಮಾದಯ್ಯ, ನೋಡು' ಎಂದು ಕಾಗದ ತೋರಿಸಿದೆ. ಸಾವಿರ ಕಿಲೋಮೀಟರು ದೂರದ ಕಂಪಕ್ಕೆ ಗೋಡೆ ಬೀಳುತ್ತದೆಯೇ ಎಂದು ಯೋಚಿಸಲಿಲ್ಲ. ಯೋಚಿಸಲಿಲ್ಲವೋ, ನನ್ನ ಕಾಗದಕ್ಕೆ ಇಷ್ಟು ಬೆಲೆ ಬಂತಲ್ಲ ಎಂಬ ಖುಷಿಯಲ್ಲಿ ಬೇಡವೆನ್ನಿಸಿತೋ. ಅವನು ಗೋಡೆಗೊರಗಿ ಕೂತು ಅತ್ತುಬಿಟ್ಟ. ಸಮಾಧಾನಕ್ಕೆ ಅತ್ತ.

ಆ ವಾರದಲ್ಲೇ ವಿಭಾಗೀಯ ಕಚೇರಿಯಿಂದ ರಂಗಸ್ವಾಮಿ ಸಾಹೇಬರು ಜೀಪಿನಲ್ಲಿ ಬಂದಿಳಿದರು. ನನ್ನ ಮೇಲಧಿಕಾರಿಗಳಲ್ಲಿ ವಿದ್ಯೆ ಇದ್ದವರು ಇಬ್ಬರೋ ಮೂವರೋ. ಇವರು ಅವರಲ್ಲಿ ಒಬ್ಬರು. ನಸ್ಯ ಏರಿಸಿ, ಕಾಗದ ನೋಡಿ, ನನ್ನ ಮುಖ ನೋಡಿದರು.

'ಎರಡು ನಿಮಿಷ ಅಂತರ. ಮದ್ರಾಸಿನಲ್ಲೂ ಹೆಚ್ಚುಕಡಿಮೆ ಎರಡೇ ನಿಮಿಷ. ದೆಹಲಿಯಲ್ಲೂ ಅಷ್ಟೆ. ನೀವು ಹೇಳುವ ಹಾಗೆ ಇದು ಹತ್ತಿರದ್ದಾದರೆ ಊರಿಗೊಂದು ಅಂತರ ಬರಬೇಕಲ್ಲ ಸ್ವಾಮಿ?'

ಅವರು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕೂತೇ ಬರೆದರು. ಕಂಪ ಆದದ್ದು ಇಂಡೋನೇಷ್ಯಾದ ಫ್ಲೋರೆಸ್ ಸಮುದ್ರದ ಕೆಳಗೆ, ಸುಮಾರು ಆರುನೂರು ಕಿಲೋಮೀಟರು ಆಳದಲ್ಲಿ. ಮೊದಲ ಎಗರು ನೇರವಾಗಿ ಬಂದ ಅಲೆ. ಎರಡನೆಯದು ಅದೇ ಜಾತಿಯ ಅಲೆಯೇ. ಮೊದಲು ಮೇಲಕ್ಕೆ ಹೋಗಿ, ನೆಲದ ಮೈಗೆ ಬಡಿದು, ತಿರುಗಿ ಬಂದದ್ದು. ಆ ಎರಡು ನಿಮಿಷ ದೂರದ ಲೆಕ್ಕವಲ್ಲ, ಆಳದ ಲೆಕ್ಕ. ನಿಜವಾದ ನಿಧಾನದ ಅಲೆ ಇನ್ನೂ ತಡವಾಗಿ ಬಂದು, ನನ್ನ ಮಸಿ ದಪ್ಪವಾದ ಕಾಗದದಲ್ಲಿ ಕಾಣದೆ ಹೋಗಿತ್ತು.

'ಅಷ್ಟು ಆಳದಲ್ಲಿ ಕಲ್ಲು ಒಡೆಯುತ್ತಾ ಸಾರ್? ಆ ಬಿಸಿಗೆ, ಆ ಒತ್ತಡಕ್ಕೆ ಮೆತ್ತಗಾಗಿ ಬಾಗಬೇಕಲ್ಲ?' ನಾಚಿಕೆ ಮುಚ್ಚಿಕೊಳ್ಳಲು ಕೇಳಿದೆ, ಆದರೆ ಅವರಿಗೆ ಆ ಪ್ರಶ್ನೆ ಇಷ್ಟವಾಯಿತು.

'ಒಡೆಯಬಾರದು. ಅದೇ ಅಲ್ಲವೇ ಸೋಜಿಗ! ಸಮುದ್ರದ ತಳದ ಕಲ್ಲಿನ ಹಾಸು ಇನ್ನೊಂದು ಹಾಸಿನ ಕೆಳಗೆ ನುಸುಳಿ, ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಇಳಿಯುತ್ತಾ ಹೋಗುತ್ತದೆ. ಕಲ್ಲು ಬಿಸಿಯನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಷ್ಟು ಕೆಳಗಿಳಿದರೂ ಅದರ ಹೊಟ್ಟೆ ತಣ್ಣಗೇ ಇರುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರಿನವರೆಗೆ ಒಂದು ಕಾರಣ ಹೇಳುತ್ತಾರೆ: ಸಮುದ್ರದಲ್ಲಿದ್ದಾಗ ಕಲ್ಲಿನ ಹರಳುಗಳು ನೀರನ್ನು ಒಳಗೆ ಕಟ್ಟಿಕೊಂಡಿರುತ್ತವೆ. ಕಾವು, ಒತ್ತಡ ಏರಿದಾಗ ಆ ನೀರು ಬಿಟ್ಟುಕೊಂಡು, ಬಿರುಕನ್ನು ಒತ್ತಿ ಹಿಡಿದ ಹಿಡಿತ ಸಡಿಲವಾಗಿ ಜಾರುತ್ತದೆ. ಅದಕ್ಕಿಂತ ಆಳದಲ್ಲಿ ಇನ್ನೊಂದು: ಆಲಿವಿನ್ ಅಂತ ಹಸಿರು ಹರಳು, ನಾನೂರು ಕಿಲೋಮೀಟರಿನ ಸುಮಾರಿಗೆ ಇನ್ನೂ ಒತ್ತಾದ ಬೇರೆ ಹರಳಾಗಬೇಕು. ತಣ್ಣಗಿರುವುದರಿಂದ ಆಗುವುದಿಲ್ಲ. ಆಗಬೇಕಾದ ಕಾಲದಲ್ಲಿ ಆಗದೆ, ಹಾಗೇ ತಡೆದುಕೊಂಡು ಇನ್ನೂ ಕೆಳಗೆ ಹೋಗುತ್ತದೆ. ಕೊನೆಗೊಮ್ಮೆ ಎಲ್ಲೋ ಒಂದು ತೆಳು ಪದರದಲ್ಲಿ ಒಟ್ಟಿಗೇ ಮಾರ್ಪಟ್ಟು, ಅಷ್ಟೂ ಜಾರಿಬಿಡುತ್ತದೆ. ಉಜ್ಜಿದ ಶಾಖಕ್ಕೆ ಜಾರು ಇನ್ನೂ ಹೆಚ್ಚುತ್ತದೆ ಅನ್ನುವವರೂ ಇದ್ದಾರೆ. ಯಾವುದು ಸರಿ? ಮೂರೂ ಇರಬಹುದು. ಯಾರೂ ಹೋಗಿ ನೋಡಿ ಬಂದಿಲ್ಲ.' ಸೀಮೆಸುಣ್ಣದ ಕೈ ಒರೆಸಿಕೊಂಡು ಎದ್ದರು. 'ಒಟ್ಟಿನಲ್ಲಿ ಇದಕ್ಕೆ ನಂಜನಗೂಡಿನಲ್ಲಿ ತೊಟ್ಟಿಲೂ ತೂಗುವುದಿಲ್ಲ.'

ಆಗ ನನಗೆ ತೊಟ್ಟಿಯ ನೀರು ಕುಲುಕಿದ್ದು ನೆನಪಾಯಿತು. ಬಸವಣ್ಣನ ಜೊತೆಗಿನ ಒಪ್ಪಂದವನ್ನು ಹೇಳಿದೆ. ಸಾಹೇಬರು ಲಾಗ್ ಪುಸ್ತಕ ತೆಗೆದು ಆ ಶನಿವಾರದ ಪುಟ ನೋಡಿದರು.

'ಗೋಡೆ ಬಿದ್ದದ್ದಕ್ಕೆ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ ನಡೆದಿದೆ. ಕ್ವಾರಿಯವರು ಆವತ್ತು ಸಿಡಿಸಲೇ ಇಲ್ಲ ಅಂತ ಅಲ್ಲಿ ಹೇಳಿದ್ದಾರೆ. ಬೇಕಾದರೆ ಭೂಕಂಪ ಕೇಂದ್ರದ ದಾಖಲೆ ನೋಡಿ ಅಂದಿದ್ದಾರೆ. ನಿಮ್ಮ ದಾಖಲೆ ಶುಭ್ರವಾಗಿದೆ. ಅಲ್ಲವೇ?'

'ಹೌದು ಸಾರ್.'

'ದೂರದ ಆಳದ ಕಂಪ, ಗೋಡೆಗೆ ಸಂಬಂಧವಿಲ್ಲ ಅಂತ ತಿದ್ದುಪಡಿ ಕಳಿಸಿ. ಮಿಕ್ಕಿದ್ದು ಬರೆದರೆ ನಿಮಗೆ ಚಾರ್ಜ್‌ಶೀಟು. ಯೋಚನೆ ಮಾಡಿ.' ಅವರು ಕೆಟ್ಟವರಲ್ಲ. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು.

ತಿದ್ದುಪಡಿ ಕಳಿಸಿದೆ. ಆಮೇಲೆ ಹೆಮ್ಮರಗಾಲಕ್ಕೆ ಹೋದೆ. ಮಾದಯ್ಯನ ಮನೆ ಚಿಕ್ಕದು, ಒಂದು ಬಿರುಕಿಲ್ಲ. ನಡುಗೋಡೆಯಲ್ಲಿ ಬುದ್ಧನ ಪಟ. ಅವನ ಹೆಂಡತಿ ಕೊಟ್ಟ ಟೀ ಹಿಡಿದುಕೊಂಡು, ನಾನು ಮೊದಲು ಹೇಳಿದ್ದು ತಪ್ಪು, ಆ ಕಂಪ ಬಹಳ ದೂರದ್ದು, ಬಹಳ ಆಳದ್ದು, ಗೋಡೆಯನ್ನು ಬೀಳಿಸಲಾರದು ಅಂದೆ. ಸಾಹೇಬರು ಹೇಳಿದ ತಣ್ಣನೆಯ ಹಾಸು, ಹರಳೊಳಗಿನ ನೀರು, ಎಲ್ಲ ಹೇಳಿದೆ. ಮಾತು ಮುಗಿಸಲು ಭಯವಾಗಿ ಹೇಳುತ್ತಲೇ ಹೋದೆ. ಅವನು ಗಮನವಿಟ್ಟು ಕೇಳಿದ.

'ಒಳ್ಗೆ ನೀರು ನಿಂತ್ರೆ ಯಾವುದೂ ಉಳಿಯಲ್ಲ ಸಾ. ನಮ್ ಕೆಲಸದಲ್ಲೂ ಅಷ್ಟೆಯ. ಮೇಲ್ಗಡೆ ಚೆಂದಾಗೇ ಕಾಣ್ತಿರ್ತದೆ, ಒಂದಿನ ಒಡ್ಕತದೆ' ಅಂದ. ಆಮೇಲೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. 'ನರಸೀಪುರದ ಒಳ್ಳೆ ಮರಳೇ ಆಕಿದ್ದೆ. ನೀರೂ ಒಡ್ದಿದ್ದೆ, ಮೂರ್ ವಾರ. ಭೂಮಿ ಅಲ್ಲಾಡ್ನಿಲ್ಲ ಅಂದ್ರೆ ಇನ್ಯಾರು ಸಾ? ನಾನೇ ಎಲ್ಲೋ ತಪ್ಪಿದೀನಿ.'

ಹೇಳಬೇಕಿದ್ದ ಹೊತ್ತು ಅದೇ. ಸಿಡಿತ ನನ್ನ ಕಾಲಿಗೆ ತಾಗಿತ್ತು ಮಾದಯ್ಯ, ಆ ಹೊತ್ತನ್ನು ಕೊಟ್ಟವನು ನಾನೇ ಅನ್ನಬೇಕಿತ್ತು. ಟೀ ಕುಡಿದು ಎದ್ದು ಬಂದೆ.

ಹನ್ನೊಂದು ದಿನ ಯೋಚನೆ ಮಾಡಿದೆ. ಮಕ್ಕಳು ಚಿಕ್ಕವರು, ಕೆಲಸ ಹೋದರೆ ಏನು ಗತಿ ಎಂದು ಅಷ್ಟೂ ದಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದೇ. ಹನ್ನೆರಡನೆಯ ದಿನ ಬೆಳಗ್ಗೆ, ಕಾಗದ ಬದಲಿಸಿ, ಕೈತೊಳೆಯದೆ ಕೂತು ಬರೆದೆ: ಕಾಗದ ಇಲ್ಲದ ಹೊತ್ತಿನಲ್ಲಿ ಸಿಡಿಸುವಂತೆ ಕ್ವಾರಿಯವರನ್ನು ಕೇಳಿಕೊಂಡವನು ನಾನು, ಆ ಶನಿವಾರ ಆ ಹೊತ್ತಿನಲ್ಲಿ ಸಿಡಿತವಾದದ್ದು ನನಗೆ ಖುದ್ದಾಗಿ ಗೊತ್ತು, ಆದ್ದರಿಂದ ನಮ್ಮ ದಾಖಲೆ ಶುಭ್ರವಾಗಿರುವುದು ಸಿಡಿತವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಮಸಿಯ ಬೆರಳಚ್ಚುಗಳಿದ್ದ ಆ ಪತ್ರವನ್ನು ನಾನೇ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋದೆ.

ಗುಮಾಸ್ತರು ಓದಿ, ಕನ್ನಡಕ ತೆಗೆದರು. 'ನೆನ್ನೆನೇ ಮುಗೀತಲ್ರೀ. ಗಾರೆ ಸರಿಯಾಗಿ ಕಲಸಿರಲಿಲ್ಲ ಅಂತ ಮೇಸ್ತ್ರಿನೇ ಒಪ್ಕೊಂಡು ಹೆಬ್ಬೆಟ್ಟು ಒತ್ತಿದಾನೆ. ಫೈಲು ಮೇಲಕ್ಕೆ ಹೋಯ್ತು.' ನನ್ನ ಪತ್ರ ತೆಗೆದುಕೊಂಡು ಸೀಲು ಹಾಕಿದರು. ಅದು ಆ ಫೈಲಿನ ಹಿಂದೆ ಹೋಯಿತೋ, ಬೇರೆಲ್ಲಿಗೆ ಹೋಯಿತೋ ತಿಳಿಯದು. ನನಗೆ ಮಾತ್ರ ಒಂದು ಮೆಮೊ ಬಂತು, ಮೂರು ವರ್ಷ ಯಾವ ಬಡ್ತಿಯೂ ಬರಲಿಲ್ಲ. ಕ್ವಾರಿ ಎಂದಿನಂತೆ ನಡೆಯಿತು. ಮೆಚ್ಚುಗೆಯ ಪತ್ರವನ್ನು ಗೋಡೆಯಿಂದ ಇಳಿಸಿ ಬೀರುವಿನ ಹಿಂದೆ ತಳ್ಳಿದೆ.

ಮಾದಯ್ಯನಿಗೆ ಎಲ್ಲ ಹೇಳಿದಾಗ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

'ನೀವು ಬಂದು ಭೂಮಿ ಅಲ್ಲಾಡ್ನಿಲ್ಲ ಅಂದ್ರಲ್ಲ ಸಾ, ಅದುಕ್ಕೇ ಒತ್ಬುಟ್ಟೆ. ಓದ್ದೋರು ಯೋಳುದ್ರಲ್ಲ ಅಂತ. ಆವತ್ತೇ ಇದ್ನೂ ಯೋಳ್ಬೋದಿತ್ತು.'

ಅವನು ಗಾರೆ ಬಳಿಯುವ ಕರಣೆಯನ್ನು ಸೂರಿಗೆ ಸಿಕ್ಕಿಸಿಬಿಟ್ಟಿದ್ದ. ಆಮೇಲೆ ಹೊಲದ ಕೂಲಿಗೆ ಹೋಗತೊಡಗಿದ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೇನೆ, ಭತ್ತದ ಗದ್ದೆಯಲ್ಲಿ ಬಗ್ಗಿ ನಿಂತಿರುತ್ತಿದ್ದ. ನಾನು ಈ ಕಡೆ ತಿರುಗಿಕೊಳ್ಳುತ್ತಿದ್ದೆ. ಮಂಗಳಾ ಕುಂಟುತ್ತಲೇ ಹೈಸ್ಕೂಲಿಗೆ ಹೋದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಮಸಿ ಕಾಗದದ ಕಾಲ ಮುಗಿಯಿತು. ಡಿಜಿಟಲ್ ಯಂತ್ರ ಬರುತ್ತದೆ, ಮೂರು ದಿಕ್ಕಿನ ಚಲನೆಯನ್ನೂ ಒಟ್ಟಿಗೇ ಹಿಡಿಯುತ್ತದೆ, ಕಾಗದ ಬದಲಿಸುವ ಗೋಜೇ ಇಲ್ಲ ಅಂದರು. ಅದಕ್ಕೆ ಹೊಸ ಪೀಠ ಬೇಕು, ಸ್ಥಳೀಯವಾಗಿ ಕಟ್ಟಿಸಿಕೊಳ್ಳಿ ಎಂದು ಆದೇಶ ಬಂತು. ಪೀಠ ಕಟ್ಟುವುದು ಹುಡುಗಾಟವಲ್ಲ. ಬಂಡೆಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಭೂಮಿ ಹೇಳುವುದು ಒಂದು, ಯಂತ್ರ ಬರೆಯುವುದು ಇನ್ನೊಂದು.

ನಾನು ಹೆಮ್ಮರಗಾಲಕ್ಕೆ ಹೋದೆ. 'ಬ್ಯಾರೆಯೋರ ನೋಡ್ಕಳಿ' ಅಂದ. ಮತ್ತೊಂದು ವಾರ ಹೋದೆ, ಹೊರಗೇ ಬರಲಿಲ್ಲ. ಮೂರನೆಯ ಸಲ ಜಗಲಿಯ ಮೇಲೆ ಕೂತೇ ಇದ್ದೆ.

'ಬಿರುಕ್ ಬುಟ್ರೆ?' ಅಂದ, ನನ್ನ ಕಡೆ ನೋಡದೆ.

'ಬಿಟ್ಟರೆ ಮೊದಲು ನನಗೇ ಗೊತ್ತಾಗುತ್ತೆ. ಗೊತ್ತಾದ ದಿನವೇ ನಿನಗೆ ಹೇಳ್ತೀನಿ.'

ಸೂರಿನಿಂದ ಕರಣೆ ಇಳಿಸಿದ. ತುಕ್ಕು ಹಿಡಿದಿತ್ತು. ಹೊಸ್ತಿಲ ಕಲ್ಲಿಗೆ ಹಾಕಿ ಉಜ್ಜತೊಡಗಿದ.

ನಾಲ್ಕು ದಿನ ಬಂಡೆಯ ಮೈಯನ್ನು ಉಳಿಯಿಂದ ಕೊರೆದು ತೊಳೆದದ್ದೇ ತೊಳೆದದ್ದು. ಕಟ್ಟಿದ್ದು ಒಂದು ದಿನ. ಆಮೇಲೆ ಇಪ್ಪತ್ತೊಂದು ದಿನ ನಡೆದುಕೊಂಡು ಬಂದು, ಗೋಣಿತಾಟು ಹೊದಿಸಿ ನೀರು ಹೊಡೆದ. ನಾನು ಹೊಡೆಯುತ್ತೇನೆ ಅಂದರೆ, 'ಬ್ಯಾಡಿ ಸಾ, ನೀವು ಮರ್ತ್ಬುಡ್ತೀರಿ' ಅಂದ. ಮರೆತುಬಿಡ್ತೀರಿ ಅಂದದ್ದರಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ, ಆದರೂ ನನಗೆ ಚುಚ್ಚಿತು.

ಹೊಸ ಯಂತ್ರ ಬಂದ ಕೆಲವು ತಿಂಗಳಿಗೆ ಮತ್ತೆ ಅದೇ ಫ್ಲೋರೆಸ್ ಸಮುದ್ರದ ಕಡೆಯಿಂದ ಆಳದ ಕಂಪವೊಂದು ಬಂತು. ಚಕ್ಕನೆ ಒಂದು ಎಗರು, ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆಯಲ್ಲಿ ಇನ್ನೊಂದು, ಬಹಳ ತಡವಾಗಿ ಅಡ್ಡ ಚಲನೆಯಲ್ಲಿ ನಿಧಾನದ ಅಲೆ. ಪರದೆಯ ಮೇಲೆ ನೀರಿನಷ್ಟು ತಿಳಿ. ಈ ಸಲ ಗುಣಿಸಲು ಹೋಗಲಿಲ್ಲ. 'ಆಳದ ಕಂಪ' ಎಂದು ಬರೆದೆ. ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮಕ್ಕಳೇ, ಈಗ ನಿಮಗೆ ಕಾಗದ ಬದಲಿಸುವ ಹೊತ್ತು ಅಂತ ಒಂದಿಲ್ಲ. ಆದರೆ ಕರೆಂಟು ಹೋಗುತ್ತದೆ, ಬ್ಯಾಟರಿ ಕೈಕೊಡುತ್ತದೆ, ಸಾಫ್ಟ್‌ವೇರು ನಿಲ್ಲುತ್ತದೆ. ಯಂತ್ರ ನೋಡದೆ ಇದ್ದ ಹೊತ್ತನ್ನೂ, ಆಗ ನಿಮ್ಮ ಕಾಲಿಗೆ ಏನು ತಾಗಿತೆಂಬುದನ್ನೂ ಬರೆದಿಡಿ. ಹನ್ನೊಂದು ದಿನ ಕಾಯಬೇಡಿ.

ಪ್ರತಿ ವರ್ಷ ತಪಾಸಣೆಯ ನಮೂನೆ ತುಂಬಬೇಕು. ಅದರಲ್ಲಿ 'ಪೀಠದ ಸ್ಥಿತಿ' ಅಂತ ಒಂದು ಕಾಲಂ. ಮೊಣಕಾಲೂರಿ, ಟಾರ್ಚು ಹಾಕಿ, ನಾಲ್ಕೂ ಮಗ್ಗುಲು ನೋಡಿ ಬರೆಯುತ್ತಿದ್ದೆ. ಕಟ್ಟಿದವರ ಹೆಸರಿಗೆ ಕಾಲಂ ಇಲ್ಲ, ಆದರೂ ಪಕ್ಕದಲ್ಲಿ ಸೇರಿಸುತ್ತಿದ್ದೆ. ಇದೇಕೆ ಅಂತ ಆಡಿಟಿನವರು ಒಮ್ಮೆ ಕೇಳಿದರು. ಇರಲಿ ಬಿಡಿ ಅಂದೆ.

ನಿವೃತ್ತಿಯ ತಿಂಗಳು ಕೊನೆಯ ನಮೂನೆಯ ಜೆರಾಕ್ಸು ಮಾಡಿಸಿಕೊಂಡು ಹೆಮ್ಮರಗಾಲಕ್ಕೆ ಹೋದೆ. ಮಾದಯ್ಯನ ಕಣ್ಣು ಮಂಜಾಗಿತ್ತು, ಜಗಲಿಯಲ್ಲಿ ಕೂತಿದ್ದ. ಕಾಗದ ಅಂದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡ.

'ಎಬ್ಬೆಟ್ ಒತ್ಬೇಕಾ ಸಾ?'

'ಏನೂ ಒತ್ತಬೇಡ. ಕೇಳು ಸಾಕು.' ಓದಿದೆ: 'ಪೀಠದ ಸ್ಥಿತಿ: ಒಂದೂ ಬಿರುಕಿಲ್ಲ. ಕಟ್ಟಿದವರು: ಹೆಮ್ಮರಗಾಲದ ಮಾದಯ್ಯ.'

'ಇದು ಸರ್ಕಾರುದ್ ಕಾಗ್ದನಾ?'

'ಸರ್ಕಾರದ್ದೇ.'

'ಅದ್ರಲ್ಲಿ ನನ್ ಎಸ್ರು ಎಲ್ಲದೆ?'

ಅವನ ಹೆಬ್ಬೆರಳು ಹಿಡಿದು ಹೆಸರಿನ ಮೇಲೆ ಇರಿಸಿದೆ. ಎಷ್ಟೋ ಹೊತ್ತು ಅಲ್ಲೇ ಇಟ್ಟುಕೊಂಡಿದ್ದ, ತೆಗೆಯಲಿಲ್ಲ.

'ಇನ್ನೊಂದ್ ಸತಿ ಓದಿ ಸಾ' ಅಂದ.

ಓದಿದೆ.